ಹದಿನಾರು ಮತ್ತು ಅರವತ್ತೊಂದು

ಮಾರ್ಚ್ 12, 2024, ಮಂಗಳವಾರ

ನಮ್ಮಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಎಣಿಕೆ ಕಲಿಸುತ್ತೇವೆ. ಬೆಳಗ್ಗೆ ದೊಡ್ಡವರ ಗುಂಪಿನ ಮಕ್ಕಳ ಕೈಗೆ ಸ್ಲೇಟು ಕೊಟ್ಟು ‘ಸಿಕ್ಸ್‌ಟೀನ್’ ಬರೆಯಿರಿ ಅಂದೆ. ಐದು ಮಕ್ಕಳು. ಅವರಲ್ಲಿ ಮೂವರು 61 ಅಂತ ಬರೆದು, ಖುಷಿಯಿಂದ ಎತ್ತಿ ತೋರಿಸಿದರು.

ಈ ಮಕ್ಕಳಿಗೆ ಐದು ತುಂಬಿದೆ, ಇಲ್ಲವೇ ಇನ್ನೇನು ತುಂಬಲಿದೆ. ಹದಿನಾರು ಗುಂಡಿಗಳನ್ನು ಮುಂದಿಟ್ಟರೆ ಒಂದೊಂದಾಗಿ ಪಕ್ಕಕ್ಕೆ ಸರಿಸಿ, ಒಂದನ್ನೂ ಬಿಡದೆ ಎಣಿಸುತ್ತಾರೆ. ಲೆಕ್ಕ ಗೊತ್ತಿದೆ. ಬರೆಯುವಾಗ ಏನಾಗುತ್ತಿದೆ? ತಿದ್ದುವ ಮೊದಲು ಕೇಳಿಬಿಡೋಣ ಅನ್ನಿಸಿತು. ‘ಆರನ್ನ ಯಾಕೆ ಮೊದಲು ಬರೆದೆ ಪುಟ್ಟಿ?’ ಅಂದೆ. ‘ನೀವೇ ಸಿಕ್ಸ್ ಅಂತ ಮೊದಲು ಹೇಳಿದ್ರಲ್ಲ ಟೀಚರ್’ ಅಂದಳು.

ಹೌದಲ್ವಾ! ಅವಳು ಸರಿಯಾಗಿಯೇ ಕೇಳಿಸಿಕೊಂಡಿದ್ದಾಳೆ. ಇಂಗ್ಲಿಷಿನಲ್ಲಿ ತರ್ಟೀನ್‌ನಿಂದ ನೈಂಟೀನ್‌ವರೆಗೆ ಬಿಡಿಯನ್ನು ಮೊದಲು ಹೇಳುತ್ತಾರೆ, ಹತ್ತನ್ನು ಆಮೇಲೆ. ಬರೆಯುವಾಗ ಮಾತ್ರ ಹತ್ತು ಮೊದಲು ಬರಬೇಕು. ಟ್ವೆಂಟಿ ದಾಟಿದರೆ ಹೇಳುವ ಕ್ರಮವೂ ಬರೆಯುವ ಕ್ರಮವೂ ಒಂದೇ ಆಗುತ್ತದೆ. ನಡುವಿನ ಈ ಏಳು ಸಂಖ್ಯೆಗಳಲ್ಲೇ ಮಕ್ಕಳು ಎಡವುವುದು. ಇಲೆವೆನ್, ಟ್ವೆಲ್ವ್ ಅಂತೂ ಇನ್ನೂ ಕಷ್ಟ. ಅವುಗಳಲ್ಲಿ ‘ಹತ್ತು’ ಅನ್ನುವ ಸದ್ದೇ ಇಲ್ಲ. ಹತ್ತು ತೆಗೆದ ಮೇಲೆ ಒಂದು ಉಳಿಯಿತು, ಎರಡು ಉಳಿಯಿತು ಅನ್ನುವ ಹಳೆಯ ಅರ್ಥ ಆ ಪದಗಳೊಳಗಿದೆ. ಅದು ಮಗುವಿನ ಕಿವಿಗೆ ಹೇಗೆ ಗೊತ್ತಾಗಬೇಕು?

ಸ್ಲೇಟು ಒರೆಸಿಸಿ ಅದೇ ಸಂಖ್ಯೆಯನ್ನು ಸ್ಪ್ಯಾನಿಷಿನಲ್ಲಿ ಹೇಳಿದೆ. ‘ದಿಯೆಸಿಸೇಯ್ಸ್’. ದಿಯೆಸ್ ಅಂದರೆ ಹತ್ತು, ಸೇಯ್ಸ್ ಅಂದರೆ ಆರು. ನಡುವಿನ ‘ಇ’ ಅಂದರೆ ‘ಮತ್ತು’. ಹತ್ತೂ ಆರೂ. ನಮ್ಮ ಹದಿನಾರಿನ ಹಾಗೆಯೇ ಹತ್ತು ಮುಂದೆ ನಿಂತಿದೆ. 61 ಬರೆದಿದ್ದ ಮೂವರಲ್ಲಿ ಇಬ್ಬರು ಒಂದು ಕ್ಷಣವೂ ಯೋಚಿಸದೆ 16 ಬರೆದರು. ನನಗೆ ಎಷ್ಟು ಸಂತೋಷವಾಯಿತು ಅಂದರೆ, ಇಬ್ಬರನ್ನೂ ಅಪ್ಪಿಕೊಂಡುಬಿಟ್ಟೆ. ಮೂರನೆಯ ಹುಡುಗ ಬಹಳ ಹೊತ್ತು ತುಟಿ ಅಲ್ಲಾಡಿಸಿ 106 ಅಂತ ಬರೆದ. ಹತ್ತು ಬರೆದ, ಪಕ್ಕಕ್ಕೆ ಆರು ಬರೆದ. ಅವನೂ ಕೇಳಿಸಿಕೊಂಡಿದ್ದನ್ನೇ ಬರೆದಿದ್ದಾನೆ.

ಸ್ಪ್ಯಾನಿಷ್ ಎಲ್ಲ ಕಡೆಯೂ ಇಷ್ಟು ಸುಲಭವಲ್ಲ. ಒನ್ಸೆ, ದೊಸೆ, ತ್ರೆಸೆ, ಕತೋರ್ಸೆ, ಕಿನ್ಸೆ. ಹನ್ನೊಂದರಿಂದ ಹದಿನೈದರವರೆಗೆ ಹತ್ತು ಬಾಲದಲ್ಲಿ ‘ಸೆ’ ಅಂತ ಅಡಗಿದೆ. ಅದು ಲ್ಯಾಟಿನ್ನಿನಿಂದ ಉಳಿದು ಬಂದ ತುಂಡು. ಈ ಐದನ್ನು ಬಾಯಿಪಾಠ ಮಾಡಿಸದೆ ಬೇರೆ ದಾರಿಯಿಲ್ಲ. ಹದಿನಾರಕ್ಕೆ ಬಂದ ಮೇಲೆ ಬಾಗಿಲು ತೆರೆಯುತ್ತದೆ. ಹಾಗಾಗಿ ಬರೆಸುವ ಪಾಠವನ್ನು ಹನ್ನೊಂದರಿಂದ ಶುರು ಮಾಡದೆ ಹದಿನಾರರಿಂದ ಶುರು ಮಾಡಬೇಕು ಅಂತ ಇವತ್ತು ತೀರ್ಮಾನಿಸಿದೆ. ಹದಿನಾರರಿಂದ ಹತ್ತೊಂಬತ್ತರವರೆಗಿನ ನಾಲ್ಕು ಕೈಗೆ ಸಿಕ್ಕರೆ, ಅದರ ಬಲದ ಮೇಲೆ ಇಂಗ್ಲಿಷಿನ ಟೀನ್‌ಗಳಿಗೆ ಬರಬಹುದು.

ಮೂರು ವರ್ಷದವರ ಗುಂಪಿನಲ್ಲಿ ಬೇರೆಯದೇ ಕೆಲಸ. ಅಲ್ಲಿ ಒಬ್ಬಳು ಉನೊ, ದೊಸ್, ತ್ರೆಸ್ ಅಂತ ಹತ್ತರವರೆಗೆ ಹಾಡಿನ ಹಾಗೆ ಹೇಳುತ್ತಾಳೆ. ಇಂಗ್ಲಿಷಿನಲ್ಲೂ ಅಷ್ಟೇ ಚೆನ್ನಾಗಿ. ಮನೆಯವರಿಗೆ ತುಂಬಾ ಹೆಮ್ಮೆ, ಇರಬೇಕಾದದ್ದೇ. ಆದರೆ ‘ತ್ರೆಸ್ ಗುಂಡಿ ಕೊಡು’ ಅಂದರೆ ಮುಷ್ಟಿ ತುಂಬಾ ಕೊಡುತ್ತಾಳೆ. ಅವಳಿಗೆ ಸಿಕ್ಕಿರುವುದು ರಾಗ, ಎಣಿಕೆ ಇನ್ನೂ ಸಿಕ್ಕಿಲ್ಲ. ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಅನ್ನುವ ಮನೋವಿಜ್ಞಾನಿಗಳು 1978ರಲ್ಲಿ ಎಣಿಕೆಯನ್ನು ಐದು ನಿಯಮಗಳಾಗಿ ಬಿಡಿಸಿ ತೋರಿಸಿದರು. ಅವುಗಳಲ್ಲಿ ಮೂರು ಇವು. ಒಂದು ವಸ್ತುವಿಗೆ ಒಂದೇ ಪದ. ಪದಗಳ ಕ್ರಮ ಬದಲಾಗಬಾರದು. ಕೊನೆಗೆ ಹೇಳಿದ ಪದವೇ ಒಟ್ಟು ಎಷ್ಟು ಅನ್ನುವುದಕ್ಕೆ ಉತ್ತರ. ದಿನವೂ ನಾನು ಕೆಲಸ ಮಾಡುವುದು ಈ ಮೂರರ ಮೇಲೆಯೇ. ಮೂರನೆಯದು ಬರಲು ತಿಂಗಳುಗಟ್ಟಲೆ ಬೇಕು. ‘ಎಷ್ಟಿವೆ?’ ಅಂತ ಕೇಳಿದರೆ ಉತ್ತರ ಹೇಳುವ ಬದಲು ಮತ್ತೆ ಒಂದರಿಂದ ಎಣಿಸಲು ಶುರು ಮಾಡುತ್ತಾರೆ.

ಎರಡು ಭಾಷೆ ಕಲಿಸುವುದರಲ್ಲಿ ನನಗೆ ತುಂಬಾ ಧೈರ್ಯ ಕೊಟ್ಟ ಸಂಗತಿ ಒಂದಿದೆ. ಕೊನೆಯ ಪದವೇ ಉತ್ತರ ಅನ್ನುವುದು ಒಂದು ಭಾಷೆಯಲ್ಲಿ ತಲೆಗೆ ಹೋದರೆ, ಇನ್ನೊಂದರಲ್ಲಿ ಅದನ್ನು ಮತ್ತೆ ಕಲಿಸಬೇಕಾಗುವುದಿಲ್ಲ. ಹೊಸ ಪದಗಳನ್ನು ಕಲಿಸಿದರೆ ಸಾಕು. ಅದಕ್ಕೇ ಚಿಕ್ಕವರ ಹತ್ತಿರ ಎರಡೂ ಭಾಷೆಯಲ್ಲಿ ಇಪ್ಪತ್ತರವರೆಗೆ ಓಡುವುದಕ್ಕಿಂತ, ಮಗುವಿಗೆ ಜಾಸ್ತಿ ಹತ್ತಿರವಿರುವ ಭಾಷೆಯಲ್ಲಿ ಐದರವರೆಗೆ ಗಟ್ಟಿ ಮಾಡುವುದು ನನಗೆ ಇಷ್ಟ. ಅವರ ಹತ್ತಿರ ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸುವುದಿಲ್ಲ. ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು.

ಹೂವು ಎಣಿಸುವಾಗ ‘ಉನೊ’ ಹೋಗಿ ‘ಉನ ಫ್ಲೋರ್’ ಆಯಿತು. ಪುಸ್ತಕಕ್ಕೆ ‘ಉನ್ ಲಿಬ್ರೊ’. ಯಾಕೆ ಬದಲಾಗುತ್ತೆ ಅಂತ ಒಬ್ಬ ಕೇಳಿದ. ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಂದು ಮರ ಅನ್ನುವ ನಮಗೆ ಇದೇನೂ ಹೊಸದಲ್ಲ. ಸದ್ಯಕ್ಕೆ ಅವನಿಗೆ ನಿಯಮ ಹೇಳಲಿಲ್ಲ, ಸುಮ್ನೆ ಹೂಗಳನ್ನು ಇನ್ನೊಂದು ಸಲ ಎಣಿಸಿದೆವು.

ಬರವಣಿಗೆಯಲ್ಲಿ 3 ಮತ್ತು 7 ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುವುದು ನಡೆದೇ ಇದೆ. ಈ ವಯಸ್ಸಿಗೆ ಅದು ಸಹಜ. ಕಾಗದಕ್ಕಿಂತ ಮರಳಿನ ತಟ್ಟೆಯಲ್ಲಿ ಬೆರಳಿನಿಂದ ತಿದ್ದಿಸುತ್ತಿದ್ದೇನೆ. ಮೇಲಿನಿಂದ ಶುರು ಮಾಡು ಅನ್ನುವುದೊಂದೇ ನನ್ನ ಕಟ್ಟುನಿಟ್ಟು. ಇವತ್ತು 7ರ ಮೇಲೇ ಒಂದು ಜಗಳವೂ ಆಯಿತು. ಒಬ್ಬಳು ನಡುವೆ ಅಡ್ಡಗೆರೆ ಎಳೆದಳು. ಅವಳ ಅಜ್ಜಿ ಹಾಗೇ ಬರೆಯುತ್ತಾರಂತೆ. ಪಕ್ಕದವನು ಅದು ತಪ್ಪು ಅಂದ. ಅವಳ ಕಣ್ಣು ತುಂಬಿತು. ಸ್ಪ್ಯಾನಿಷ್ ಆಡುವ ಬಹಳಷ್ಟು ಜನ ಹಾಗೆಯೇ ಬರೆಯುತ್ತಾರೆ. ಅವರ 1ಕ್ಕೆ ಮೇಲೆ ಉದ್ದನೆಯ ಓರೆಗೆರೆ ಇರುತ್ತದೆ, ಅದು 7ರ ಹಾಗೆ ಕಾಣದಿರಲಿ ಅಂತ ಈ ಅಡ್ಡಗೆರೆ. ಇಬ್ಬರ ಏಳನ್ನೂ ಗೋಡೆಗೆ ಅಕ್ಕಪಕ್ಕದಲ್ಲಿ ಅಂಟಿಸಿದೆ.

ಮಧ್ಯಾಹ್ನ 106 ಬರೆದ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. 10 ಅಂತ ಬರೆದ ಅಗಲವಾದ ಕಾರ್ಡು, 6 ಅಂತ ಬರೆದ ಚಿಕ್ಕ ಕಾರ್ಡು. ಸೆಗ್ವಿನ್ ಹಲಗೆ ಅಂತ ಮಾಂಟೆಸ್ಸರಿ ಶಾಲೆಗಳಲ್ಲಿ ಬಳಸುತ್ತಾರಲ್ಲ, ಅದನ್ನೇ ರಟ್ಟಿನಲ್ಲಿ ಮಾಡಿದ್ದೆ. ಹತ್ತು ಗುಂಡಿಗಳ ಒಂದು ಸರ, ಪಕ್ಕದಲ್ಲಿ ಆರು ಬಿಡಿ ಗುಂಡಿಗಳು. ನಾನು ‘ದಿಯೆಸ್’ ಅಂದೆ, ಅವನು 10 ಇಟ್ಟ. ‘ಇ ಸೇಯ್ಸ್’ ಅಂದೆ. 6ನ್ನು ಮೊದಲು ಪಕ್ಕಕ್ಕೆ ಇಟ್ಟ, ನೋಡಿದ, ಎತ್ತಿದ. ಆಮೇಲೆ ತಾನೇ ಸೊನ್ನೆಯ ಮೇಲೆ ಇಟ್ಟ. 16.

ಸ್ವಲ್ಪ ಹೊತ್ತು ಹಾಗೇ ಕೂತಿದ್ದ. ಮತ್ತೆ 6ರ ತುದಿಯನ್ನು ಮೆಲ್ಲಗೆ ಎತ್ತಿ ಕೆಳಗೆ ಇಣುಕಿದ. ‘ಸೊನ್ನೆ ಎಲ್ಲೂ ಹೋಗಿಲ್ಲ ಟೀಚರ್, ಇಲ್ಲೇ ಕೂತಿದೆ’ ಅಂದ. ಮನೆಗೆ ಹೊರಡುವವರೆಗೂ ಹದಿನೇಳು, ಹದಿನೆಂಟು, ಹತ್ತೊಂಬತ್ತು ಮಾಡುತ್ತಾ, ಪ್ರತಿ ಸಲವೂ ಎತ್ತಿ ನೋಡುತ್ತಿದ್ದ.