ಬೀದರಿನಲ್ಲಿ ಎಲ್ಲರಿಗೂ ಒಂದೇ ಸಾಲು

ಬೀದರಿಗೆ ಹೋದವರು ಮೊದಲು ಕೋಟೆ ನೋಡುತ್ತಾರೆ. ನಮಗೆ ಹಸಿವು ಜಾಸ್ತಿ ಇತ್ತು. ರೈಲು ಇಳಿದವರೇ ನಾನಕ್ ಝೀರಾ ಗುರುದ್ವಾರದ ದಾರಿ ಹಿಡಿದೆವು.

ಚಪ್ಪಲಿ ಬಿಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಪುಕ್ಕಟೆ ಊಟ ಬಡಿಸುವ ಗುರುದ್ವಾರದ ಊಟದ ಮನೆಯಲ್ಲಿ, ನೆಲಕ್ಕೆ ಕೂತೆವು. ಒಂದು ಪಕ್ಕ ಕಾಲೇಜು ಹುಡುಗರು, ಇನ್ನೊಂದು ಪಕ್ಕ ಲಾರಿ ಡ್ರೈವರ್. ಇಲ್ಲಿ ರೊಟ್ಟಿಯನ್ನು ತಟ್ಟೆಗೆ ಹಾಕುವುದಿಲ್ಲ. ಎರಡೂ ಕೈ ಜೋಡಿಸಿ ಒಡ್ಡಬೇಕು, ಬಿಸಿಬಿಸಿ ರೊಟ್ಟಿ ಅಂಗೈಗೇ ಬೀಳುತ್ತದೆ. ದಾಲ್ ಬಡಿಸುತ್ತಿದ್ದ ಪೇಟದ ಅಜ್ಜ, 'ಇನ್ನೊಂದ್ಸ್ವಲ್ಪ ಹಾಕ್ಲೇನ್ರಿ?' ಅಂತ ಕೇಳಿದರು. ಯಾವ ಊರು, ಯಾವ ಜನ ಅಂತ ಯಾರೂ ಕೇಳಲಿಲ್ಲ. ಪಂಕ್ತಿಭೇದ ನೋಡಿಕೊಂಡೇ ಬೆಳೆದ ನಮ್ಮಂಥವರಿಗೆ ಇದು ಸಣ್ಣ ವಿಷಯ ಅಲ್ಲ.

ಊಟ ಮುಗಿಸಿ ಝರಿಯ ಹತ್ತಿರ ಹೋದೆವು. 16ನೇ ಶತಮಾನದ ಶುರುವಿನಲ್ಲಿ ಗುರು ನಾನಕರು ಬಂದಾಗ ಇಲ್ಲಿ ಕುಡಿಯುವ ನೀರಿಗೆ ಬರ ಇತ್ತಂತೆ. ಅವರು ಕಾಲಿನಿಂದ ಕಲ್ಲು ಸರಿಸಿದರು, ಸಿಹಿನೀರು ಚಿಮ್ಮಿತು ಅನ್ನುತ್ತಾರೆ. ಜಂಬಿಟ್ಟಿಗೆಯಲ್ಲಿ ಇಂಗಿದ ನೀರು ಕೆಳಗಿನ ಕಪ್ಪು ಬಂಡೆ ತಡೆದಾಗ ಹೊರಗೆ ಬರುತ್ತದೆ ಅನ್ನುವುದು ಭೂವಿಜ್ಞಾನದ ಲೆಕ್ಕ. ಬಾಟಲಿ ಹಿಡಿದು ನಿಂತವರಿಗೆ ಎರಡರ ಗೊಡವೆಯೂ ಇದ್ದ ಹಾಗೆ ಕಾಣಲಿಲ್ಲ.

1699ರಲ್ಲಿ ಪಂಜಾಬಿನ ಆನಂದಪುರದಲ್ಲಿ ಸಿಖ್ಖರ ಹತ್ತನೇ ಗುರು ಗೋವಿಂದ ಸಿಂಗರು 'ತಲೆ ಕೊಡುವವರು ಯಾರು?' ಅಂದಾಗ ಎದ್ದು ನಿಂತ ಐವರಲ್ಲಿ ಒಬ್ಬರು ಬೀದರಿನ ಕ್ಷೌರಿಕರ ಮನೆಯವರು, ಭಾಯಿ ಸಾಹಿಬ್ ಸಿಂಗ್. ಇನ್ನೊಬ್ಬರು ನೀರು ಹೊರುವವರ ಮನೆಯವರು. ಇದೇ ಜಿಲ್ಲೆಯ ಬಸವಕಲ್ಯಾಣದಲ್ಲಿ 12ನೇ ಶತಮಾನದಲ್ಲೇ ಮಡಿವಾಳ ಮಾಚಯ್ಯ, ಸಮಗಾರ ಹರಳಯ್ಯ ಬಸವಣ್ಣನವರ ಜೊತೆ ಸರಿಸಮ ಕೂತಿದ್ದರು. ದಾಸೋಹಕ್ಕೂ ಲಂಗರಿಗೂ ನೇರ ನಂಟು ಹುಡುಕುವ ಆಸೆ ನನಗಿಲ್ಲ. ಯಾರೂ ಯಾರಿಂದಲೂ ಕಲಿಯದೆಯೇ ಇದು ಎರಡು ಕಡೆ ಹುಟ್ಟಿದ್ದರೆ, ನನಗೆ ಅದೇ ಇನ್ನೂ ದೊಡ್ಡದು.

ಹಾಗಂತ ಬೀದರ್ ಸ್ವರ್ಗ ಏನಲ್ಲ. 1988ರಲ್ಲಿ ಇದೇ ಊರಲ್ಲಿ ಸಿಖ್ ವಿದ್ಯಾರ್ಥಿಗಳನ್ನು ಕೊಂದಿದ್ದರು. ಲಂಗರಿನ ಒಲೆ ಉರಿಯುತ್ತಿದ್ದ ಊರಲ್ಲೇ.

ಸಂಜೆಗೆ ಮುಂಚೆ ಆಟೋ ಹಿಡಿದು ಅಷ್ಟೂರಿಗೆ ಹೋದೆವು. ಬಹಮನಿ ಸುಲ್ತಾನರ ಗೋರಿಗಳು ಅಲ್ಲಿ ಸಾಲಾಗಿವೆ. ಅಹ್ಮದ್ ಶಾನ ಗುಮ್ಮಟದೊಳಗೆ ಕತ್ತಲೋ ಕತ್ತಲು. ಅಲ್ಲಿ ನೋಡಿಕೊಳ್ಳುವವರು ಬಾಗಿಲ ಹತ್ತಿರ ಕನ್ನಡಿ ಹಿಡಿದು ಬಿಸಿಲನ್ನು ಮೇಲಕ್ಕೆ ಹಾಯಿಸಿದರು. ಕೆಂಪು, ನೀಲಿ, ಚಿನ್ನದ ಬಣ್ಣದ ಬಳ್ಳಿಗಳೂ ಅಕ್ಷರಗಳೂ ಒಮ್ಮೆಲೇ ಎದ್ದು ಬಂದವು. 1436ರಲ್ಲಿ ತೀರಿಕೊಂಡ ಈ ಸುಲ್ತಾನ ಮುಸ್ಲಿಮರಿಗೆ ವಲಿ, ಅಂದರೆ ಸಂತ; ಇಲ್ಲಿನ ಹಲವು ಲಿಂಗಾಯತರಿಗೆ ಅಲ್ಲಮಪ್ರಭು. ಉರುಸಿಗೆ ಕಲಬುರಗಿ ಕಡೆಯ ಮಾಡ್ಯಾಳದಿಂದ ಜಂಗಮರು ಭಕ್ತರ ಜೊತೆ ಬರುತ್ತಾರೆ. ಅವರು ಬರದೆ ಉರುಸು ಕಳೆಗಟ್ಟುವುದಿಲ್ಲವಂತೆ.

ಉರುಸು ನಡೆಯುವುದು ಹೋಳಿ ಹುಣ್ಣಿಮೆ ಕಳೆದ ಮೇಲೆ. ಆಗ ಬೀದರಿನಲ್ಲಿ ಬಿಸಿಲು ಸುಡುತ್ತಿರುತ್ತದೆ. ಆದರೂ ಮುಂದಿನ ಸಲ ಆಗಲೇ ಹೋಗಬೇಕು.