ಅಪ್ಪಯ್ಯಂಗೆ ಜೀರುಂಡೆ ಕೇಳ್ಲಿಲ್ಲ

ನಮ್ಮನೆ ತೀರ್ಥಹಳ್ಳಿಯಿಂದ ಸುಮಾರು ಒಳಗೆ, ತೋಟದ ಪಕ್ಕ. ಸಂಜೆಯಾದ್ರೆ ಜೀರುಂಡೆ ಸದ್ದಲ್ಲಿ ಮಾತೂ ಸರಿಯಾಗಿ ಕೇಳಲ್ಲ, ಅಂಥ ಜಾಗ. ಹೋದ ವರ್ಷ ಜಗಲಿ ಮೇಲೆ ಕೂತಿದ್ದ ಅಪ್ಪಯ್ಯ "ಅಲ್ಲ ಮಾರಾಯ್ತಿ, ಈ ಸಲ ಜೀರುಂಡೆ ಕೂಗ್ಲೇ ಇಲ್ವಲ್ಲ, ಎಂತಾಯ್ತು?" ಅಂದ್ರು. ಅವು ಕಿವಿ ಹರಿದುಹೋಗೋ ಹಾಗೆ ಕೂಗ್ತಿದ್ವು. ಎಂತ ಹೇಳೋದು ಗೊತ್ತಾಗ್ಲಿಲ್ಲ ನಂಗೆ.

ಅವ್ರಿಗೆ ಗಂಟಲು ಕ್ಯಾನ್ಸರ್ ಆಗಿ ರೇಡಿಯೇಷನ್ ಜೊತೆ ಸಿಸ್‌ಪ್ಲಾಟಿನ್ ಕೀಮೋ ಕೊಟ್ಟಿದ್ರು. ಮೂರನೇ ಡೋಸ್ ಮುಗಿಸಿ ಬಂದಾಗ್ಲೇ ಕಿವೀಲಿ ಗುಂಯ್ ಅಂತಿದೆ ಅಂದಿದ್ರು, ಆಗುಂಬೆ ಘಾಟಿ ಹತ್ತಿ ಇಳಿದು ಕಿವಿ ಕಟ್ಟಿರ್ಬೇಕು ಅಂತ ನಾವು ಸುಮ್ನಾದ್ವಿ, ಡಾಕ್ಟ್ರಿಗೆ ಹೇಳ್ಲೇ ಇಲ್ಲ, ಆಸ್ಪತ್ರೇಲೂ ಯಾರೂ ಕಿವಿ ಬಗ್ಗೆ ಕೇಳ್ಲಿಲ್ಲ. ಇದು ಇವತ್ತಿಗೂ ಚುಚ್ಚುತ್ತೆ.

ಒಳಕಿವೀಲಿ ಶಬ್ದ ಹಿಡಿಯೋ ಸಣ್ಣ ಕೂದಲಿನ ಕೋಶಗಳಿರ್ತಾವಂತೆ, ಈ ಔಷಧಿ ಅವನ್ನ ಸಾಯಿಸುತ್ತೆ, ಸತ್ರೆ ಮತ್ತೆ ಹುಟ್ಟಲ್ಲ. ಮೊದ್ಲು ಹೋಗೋದು ಕೀಚಲು ಶಬ್ದ. ಹಂಚಿನ ಮೇಲೆ ಮಳೆ ಕೇಳುತ್ತೆ, ಜೀರುಂಡೆ ಕೇಳಲ್ಲ, ಮಾತಲ್ಲಿ ಸ, ಶ ತಪ್ಪಿಹೋಗುತ್ತೆ. ಅದಕ್ಕೇ ಮನೆಯವ್ರಿಗೆ ಬೇಗ ಗೊತ್ತಾಗಲ್ಲ. ಔಷಧಿ ಒಳಕಿವೀಲಿ ತಿಂಗಳುಗಟ್ಲೆ, ವರ್ಷಗಟ್ಲೆ ಉಳಿಯುತ್ತೆ ಬೇರೆ.

ಹಾಗಾಗಿ ಯಾರ ಮನೇಲಾದ್ರೂ ಸಿಸ್‌ಪ್ಲಾಟಿನ್ ಶುರು ಮಾಡ್ತಿದ್ರೆ ದಯವಿಟ್ಟು ಮೊದಲ ಡೋಸಿಗೂ ಮುಂಚೆ ಆಡಿಯೋಗ್ರಾಂ, ಅಂದ್ರೆ ಕಿವಿ ಎಷ್ಟು ಕೇಳುತ್ತೆ ಅಂತ ನೋಡೋ ಪರೀಕ್ಷೆ, ಮಾಡಿಸಿ, ಆ ಚೀಟಿ ಫೈಲಲ್ಲಿಡಿ, ನಡುನಡುವೆ ಮತ್ತೆ ಮಾಡಿಸಿ. ಗುಂಯ್ ಅಂದ್ರೆ ಅವತ್ತೇ ಹೇಳಿ. ಡೋಸ್ ಕಮ್ಮಿ ಮಾಡೋದೋ, ಕಾರ್ಬೋಪ್ಲಾಟಿನ್ ಅನ್ನೋ ಇನ್ನೊಂದು ಕೀಮೋಗೆ ಬದಲಾಯ್ಸೋದೋ ಡಾಕ್ಟ್ರು ನೋಡ್ತಾರೆ, ನೀವಾಗೇ ಮಾತ್ರ ಕೀಮೋ ನಿಲ್ಲಿಸ್ಬೇಡಿ. ಜೆಂಟಾಮೈಸಿನ್, ಅಮಿಕಾಸಿನ್ ಅನ್ನೋ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಡೋದಿದ್ರೆ ಕೀಮೋ ನಡೀತಿದೆ ಅಂತ ನೆನಪಿಸಿ, ಅವೂ ಕಿವಿಗೆ ಕೆಟ್ಟವು. ನಮ್ಮ ಕಡೆಯವ್ರಿಗೆ ಇನ್ನೊಂದು, ಅಡಿಕೆ ಸುಲಿಯೋ ಮಷಿನ್, ಕಳೆ ಹೊಡೆಯೋ ಮಷಿನ್ ಹತ್ರ ಈ ಕೀಮೋ ತಗೊಂಡವ್ರನ್ನ ಬಿಡ್ಲೇಬೇಡಿ, ಜೋರು ಸದ್ದೂ ಕಿವಿಗೆ ಕೆಟ್ಟದ್ದೇ.

ಮಕ್ಕಳಿಗಾದ್ರೆ ಕಿವಿ ಉಳಿಸೋಕೆ ಸೋಡಿಯಂ ಥಯೋಸಲ್ಫೇಟ್ ಅನ್ನೋ ಔಷಧಿ ಇದೆ, ಸಿಸ್‌ಪ್ಲಾಟಿನ್ ಮುಗಿದು 6 ಗಂಟೆ ಆದ್ಮೇಲೆ ಡ್ರಿಪ್ಪಲ್ಲಿ ಕೊಡೋದು. ಲಿವರ್ ಗೆಡ್ಡೆ ಇದ್ದ ಮಕ್ಕಳ ಮೇಲೆ ನಡೆದ, 2018ರಲ್ಲಿ ಬಂದ ಅಧ್ಯಯನದಲ್ಲಿ ಬರೀ ಕೀಮೋ ತಗೊಂಡವ್ರಲ್ಲಿ 63% ಮಕ್ಕಳಿಗೆ ಕಿವಿ ಕೆಟ್ರೆ ಇದನ್ನೂ ಕೊಟ್ಟವ್ರಲ್ಲಿ 33%. ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ತು, ಕ್ಯಾನ್ಸರ್ ಬೇರೆ ಕಡೆ ಹರಡದೇ ಇರೋ ಮಕ್ಕಳಿಗೆ ಮಾತ್ರ. ಪುಟ್ಟ ಮಕ್ಕಳಿದ್ರೆ ಬಾಯಿಬಿಟ್ಟು ಕೇಳಿ.

ಅಪ್ಪಯ್ಯ ಈಗ ಹಿಯರಿಂಗ್ ಏಡ್ ಹಾಕ್ಕೊಳ್ತಾರೆ, ಮಾತು ಕೇಳುತ್ತೆ. ಸಂಜೆ ಜಗಲಿಗೆ ಬಂದ್ರೆ "ಕೂಗ್ತಿದ್ಯಾ?" ಅಂತ ಕೇಳ್ತಾರೆ. ಹೂಂ ಅಂತೀನಿ.