ಬ್ಯಾಟರಿ ಸತ್ತಿಲ್ಲ ಸ್ವಾಮಿ

ಈ ವಾರ ಫೋನಿನಿಂದ ಫೋನಿಗೆ ದಾಟಿ ಬಂದ ವಿಡಿಯೋ, ಒಂದು ನಿಮಿಷವೂ ಇಲ್ಲ. ಡಕೋಟಾ ಎಂಬ ಹಳೆಯ ಸಾಗಣೆ ವಿಮಾನದ ಎಂಜಿನ್ ಮುಂದೆ ಇಬ್ಬರು ಫಿಟ್ಟರುಗಳು ಪ್ರೊಪೆಲರಿನ ಬ್ಲೇಡನ್ನು ಒಂದಾದ ಮೇಲೊಂದು ಎಳೆದು ತಿರುಗಿಸುತ್ತಿದ್ದಾರೆ. ಕ್ಯಾಮೆರಾ ಹಿಂದಿನಿಂದ ಒಂದು ದನಿ: “ಪಾಪ, ಬ್ಯಾಟರಿ ಸತ್ತಿರ್ಬೇಕು, ಕೈಯಲ್ಲೇ ತಿರುಗಿಸ್ತಿದಾರೆ!” ಆಮೇಲೆ ನಗು. ಹಿರಿಯ ಫಿಟ್ಟರು ತಿರುಗಿಯೂ ನೋಡದೆ ಅಂದದ್ದು ಇಷ್ಟೇ: “ಎಣಿಸ್ತಿದೀನಿ, ತಡೀರಿ.”

ಆ ‘ತಡೀರಿ’ಗೋಸ್ಕರವೇ ವಿಡಿಯೋ ಮತ್ತೆ ಮತ್ತೆ ನೋಡುವಂತಾಯಿತು.

ಡಕೋಟಾದ್ದು ಟ್ವಿನ್ ವಾಸ್ಪ್ ಎಂಜಿನ್. ಏಳೇಳರ ಎರಡು ಸುತ್ತು, ಒಟ್ಟು 14 ಸಿಲಿಂಡರು, 1200 ಅಶ್ವಶಕ್ತಿ. ಸುತ್ತಲೂ ಜೋಡಿಸಿದ ಮೇಲೆ ಕೆಲವು ಸಿಲಿಂಡರು ತಲೆಕೆಳಗಾಗಿಯೇ ಇರಬೇಕು. ಎಂಜಿನ್ ನಿಂತಾಗ ಆಯಿಲ್ ಪಿಸ್ಟನ್ ರಿಂಗುಗಳ ಸಂದಿಯಲ್ಲಿ ಜಿನುಗಿ ಆ ಕೆಳಗಿನವುಗಳಲ್ಲಿ ಕೂರುತ್ತದೆ. ಗಾಳಿಯನ್ನು ಅದುಮಬಹುದು, ಆಯಿಲನ್ನು ಆಗದು. ಎರಡೂ ವಾಲ್ವ್ ಮುಚ್ಚಿರುವಾಗ ಪಿಸ್ಟನ್ ಹೋಗಿ ಅದಕ್ಕೆ ಬಡಿದರೆ ಪಿಸ್ಟನ್ನನ್ನು ತಿರುಗುವ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಾಗಿದ್ದು ಅಲ್ಲೇ ಮುರಿದರೆ ಪುಣ್ಯ. ಎಷ್ಟೋ ಸಲ ಮುರಿಯುವುದು ಗಂಟೆಗಟ್ಟಲೆ ಹಾರಿದ ಮೇಲೆ, ಆಕಾಶದಲ್ಲಿ.

ಸ್ಟಾರ್ಟರ್ ಇಲ್ಲವೇ? ಇದೆ. ತಡೆ ಸಿಕ್ಕರೆ ಜಾರುವ ಕ್ಲಚ್ಚೂ ಅದರಲ್ಲಿದೆ. ಆದರೆ ಒಂದು ಸಿಲಿಂಡರು ಹೊತ್ತಿಕೊಂಡರೆ ಮುಗಿಯಿತು, ಪಕ್ಕದ ಪಿಸ್ಟನ್ನನ್ನು ಆಯಿಲಿಗೆ ಗುದ್ದುವುದು ಎಂಜಿನ್ನಿನದೇ ಬಲ. ಕ್ಲಚ್ ಅಲ್ಲಿ ಏನು ಮಾಡೀತು?

ಹಾಗಾಗಿ ಸ್ಟಾರ್ಟಿಗೂ ಮುಂಚೆ ಕೈಯಲ್ಲಿ ತಿರುಗಿಸಿ ನೋಡುವುದು. ಮೊದಲು ಕಿಡಿ ಕೊಡುವ ಎರಡೂ ಮ್ಯಾಗ್ನೆಟೋ ಆಫ್, ಇಂಧನ ಮಿಶ್ರಣದ ಲಿವರ್ ಕಟ್-ಆಫ್‌ನಲ್ಲಿ. ಆದರೂ ಬ್ಲೇಡನ್ನು ನಂಬಬಾರದು: ಮ್ಯಾಗ್ನೆಟೋದ ಅರ್ತ್ ತಂತಿ ತುಂಡಾಗಿದ್ದರೆ ಸ್ವಿಚ್ ಆಫ್ ಇದ್ದೂ ಕಿಡಿ ಹಾರುತ್ತದೆ. ಎಳೆದು ಪಕ್ಕಕ್ಕೆ ಸರಿಯಬೇಕು, ಬ್ಲೇಡಿನ ದಾರಿಯಲ್ಲಿ ನಿಲ್ಲಬಾರದು. ಲೆಕ್ಕದ ಪ್ರಕಾರ ನಾಲ್ಕನೆಯ ಬ್ಲೇಡು ಹಾಯುವಷ್ಟರಲ್ಲಿ ಹದಿನಾಲ್ಕೂ ಸಿಲಿಂಡರು ಒಮ್ಮೆ ಅದುಮಿಕೊಂಡಿರುತ್ತವೆ. ಅಲ್ಲಿಗೇ ನಿಲ್ಲಿಸುವುದಿಲ್ಲ. ಸಿಲಿಂಡರಿಗೆ ಗಾಳಿ-ಇಂಧನ ತರುವ ಇನ್‌ಟೇಕ್ ಕೊಳವೆಯಲ್ಲಿ ಉಳಿದ ಆಯಿಲ್ ಆಮೇಲೂ ಒಳಗೆ ಬರಬಹುದು, ಅದಕ್ಕೇ ಒಂಬತ್ತೋ ಹನ್ನೆರಡೋ ಹದಿನೈದೋ ಎಣಿಸುವುದು.

ಎಣಿಕೆಗಿಂತ ಮುಖ್ಯ ಅಂಗೈ. ಗಾಳಿಯ ತಡೆಯಾದರೆ ಸ್ಪ್ರಿಂಗಿನ ಹಾಗೆ ಬಿಗಿದು, ಮೆಲ್ಲಗೆ ‘ಫುಸ್’ ಎಂದು ಬಿಟ್ಟುಕೊಡುತ್ತದೆ. ಆಯಿಲಾದರೆ ಗೋಡೆ. ಗೋಡೆ ಸಿಕ್ಕಾಗ ಇನ್ನೊಬ್ಬನನ್ನು ಕರೆದು ಜೋರಾಗಿ ಎಳೆಯುವವನೇ ದೊಡ್ಡ ಅಪಾಯ, ಏಕೆಂದರೆ ಪ್ರೊಪೆಲರಿನ ಅಡ್ಡಳತೆ ಮೂರೂವರೆ ಮೀಟರ್. ಅದರ ಅರ್ಧದಷ್ಟು ಉದ್ದದ ಸನ್ನೆಗೋಲಿನಲ್ಲಿ ಇಬ್ಬರು ಜೋತುಬಿದ್ದರೂ ರಾಡ್ ಬಾಗೀತು. ಅವನಿಗಿಂತ ಬುದ್ಧಿವಂತ ಇನ್ನೊಬ್ಬ, ಹಿಂದಕ್ಕೆ ತಿರುಗಿಸುವವನು. ಆಗ ಆಯಿಲ್ ಇನ್‌ಟೇಕ್ ಕೊಳವೆಗೆ ಹೋಗಿ ಅವಿತುಕೊಳ್ಳುತ್ತದೆ, ಬ್ಲೇಡು ಸಲೀಸಾಗಿ ತಿರುಗುತ್ತದೆ, ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಸ್ಟಾರ್ಟ್ ಆದೊಡನೆ ಅದೇ ಆಯಿಲ್ ವಾಪಸು. ಸರಿಯಾದ ದಾರಿ ಬೇಸರದ್ದು: ಕೆಳಗಿನ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಟ್ರೇ ಇಟ್ಟು, ಆಯಿಲ್ ಸುರಿದುಹೋಗಲು ಬಿಟ್ಟು, ಪ್ಲಗ್ ಒರೆಸಿ ಹಾಕಿ, ಮತ್ತೆ ಒಂದರಿಂದ ಎಣಿಕೆ.

ಇದೇ ಎಂಜಿನ್ ಕ್ಯಾಟಲಿನಾ ಹಾರುದೋಣಿಗೆ ಎರಡು, ಲಿಬರೇಟರ್ ಬಾಂಬರ್‌ಗೆ ನಾಲ್ಕು. ನಮ್ಮ ವಾಯುಪಡೆ 1968ರವರೆಗೂ ಲಿಬರೇಟರ್ ಹಾರಿಸಿತು. ಒಂದೊಂದು ಹಾರಾಟಕ್ಕೂ ನಾಲ್ಕು ಎಂಜಿನ್ನಿನ ಮುಂದೆ ಯಾರೋ ಹೀಗೆ ಎಣಿಸಿರಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಸ್ಸಾಮಿನಿಂದ ಹಿಮಾಲಯ ದಾಟಿ ಚೀನಾದ ಕುನ್ಮಿಂಗಿಗೆ ಹೋದವರ ಧೈರ್ಯ ಹೊಗಳುವಾಗ, 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸಿಖ್ ರೆಜಿಮೆಂಟನ್ನು ಇಳಿಸಿದ ಡಕೋಟಾಗಳನ್ನು ನೆನೆಯುವಾಗ ನಮಗೆ ಕಾಣುವುದು ಕಾಕ್‌ಪಿಟ್ಟು ಮಾತ್ರ. ಅಂದು ಇಳಿದ ಒಂದು ಡಕೋಟಾದ ಸಂಖ್ಯೆ, ವಿಪಿ 905, ಹೊತ್ತ ‘ಪರಶುರಾಮ’ ಎಂಬ ಡಕೋಟಾ 2018ರಲ್ಲಿ ಬ್ರಿಟನ್‌ನಿಂದ ಹಾರಿಕೊಂಡೇ ಬಂದಾಗಲೂ ಚಪ್ಪಾಳೆಯೆಲ್ಲ ಪೈಲಟ್‌ಗಳಿಗೇ.

ವಿಡಿಯೋದಲ್ಲಿ ಒಂಬತ್ತನೆಯ ಬ್ಲೇಡಿಗೆ ಹಿರಿಯರ ಕೈ ನಿಲ್ಲುತ್ತದೆ. ಜೊತೆಗಾರ ಹೆಗಲು ಕೊಡಲು ಬಂದರೆ ಮೊಣಕೈಯಲ್ಲೇ ತಡೆಯುತ್ತಾರೆ. ಎರಡು ಸೆಕೆಂಡು ಏನೂ ಇಲ್ಲ, ನಗು ಬಿಟ್ಟು. ಆಮೇಲೆ ‘ಫುಸ್’. ಬ್ಲೇಡು ಇಳಿಯುತ್ತದೆ.

“ಹತ್ತು,” ಅನ್ನುತ್ತಾರೆ.